ಕಾಕಾನ ಸ್ಲೈಡ್ ಪ್ರೊಜೆಕ್ಟರ್ ರಿಪೇರಿ, ನಮ್ಮ ಫೋಟೋ ಕ್ಲಬ್ಬಿನ ವರ್ಷದ ಕಡೀ ಸಂಜಿಗೆ

ಪ್ರತಿ ವರ್ಷ ಡಿಸೆಂಬರ್ ಕಡೀ ಶನಿವಾರ ನಮ್ಮ ಫೋಟೋ ಕ್ಲಬ್ಬಿನ ಮಂದಿ ಎಲ್ಲಾರೂ ಒಂದು ಕಡಿ ಕೂಡ್ತೀವಿ, ಕಲಬುರಗಿಯವ್ರು ಅಷ್ಟೇ ಅಲ್ಲ, ಬೀದರ್ ಯಾದಗಿರಿಲಿಂದ ಬಸ್ ಹಿಡ್ದು ಬರೋರೂ ಅದಾರ. ಊಟ, ಹರಟಿ, ಆ ವರ್ಷ ತೆಗ್ದ ಫೋಟೋ ನೋಡೋದು. ಆದ್ರ ನಾಕೈದು ವರ್ಷದಿಂದ ಏನಾಗ್ಯದ ಅಂದ್ರ ಯಾರೋ ಒಬ್ರು ಲ್ಯಾಪ್‌ಟಾಪ್ ತಂದು ಟೀವಿಗೆ ಹಚ್ತಾರ, ಇನ್ನೂರು ಫೋಟೋ ಹತ್ತು ನಿಮಿಷದಾಗ ಸರ್ರನೆ ಹೋಗ್ತಾವ, ಅವೇ ಫೋಟೋ ಎಲ್ಲಾರೂ ಗ್ರೂಪ್‌ನ್ಯಾಗ ಮೊದಲೇ ನೋಡಿರ್ತಾರ, ಹಿಂಗಾಗಿ ಟೀವಿ ಕಡಿ ಯಾರೂ ನೋಡಂಗಿಲ್ಲ. ನನಗ ಇದು ಮನಸ್ಸಿನ್ಯಾಗ ಕೊರೀತಿತ್ತು.

ನವೆಂಬರ್ ಮೀಟಿಂಗ್ ಮುಗ್ಸಿ ಚಾ ಕುಡೀತಾ ನಿಂತಾಗ ನಮ್ಮ ಕ್ಲಬ್ಬಿನ ಎಲ್ಲಾರಿಗಿಂತ ಹಿರಿಯರು, ನಾವೆಲ್ಲಾ ಕಾಕಾ ಅಂತೀವಿ, 78 ವರ್ಷ ಅವರಿಗೆ, ಸುಮ್ನೆ ಮಾತಿಗೆ ಮಾತು ಬಂದು ಅಂದ್ರು: "ತಮ್ಮಾ, ನನ್ನ ಹತ್ರ 81ರಿಂದ 94ರ ತನಕ ತೆಗ್ದ ಸ್ಲೈಡ್ ಎರಡು ಡಬ್ಬಿ ಅವ ನೋಡು. ತೋರಿಸೋ ಮಷೀನ್ ಕೆಟ್ಟು ಇಪ್ಪತ್ತು ವರ್ಷ ಆತು." ಸ್ಲೈಡ್ ಅಂದ್ರ ರಟ್ಟಿನ ಚೌಕಟ್ಟಿನ್ಯಾಗ ಕೂಡಿಸಿದ ಫಿಲ್ಮಿನ ತುಂಡು, ಹಿಂದಿಂದ ಬೆಳಕು ಬಿಟ್ರ ಫೋಟೋ ಪರದೆ ಮ್ಯಾಲ ದೊಡ್ಡದಾಗಿ ಬೀಳ್ತದ. ಅಲ್ಲೇ ಹೇಳಿಬಿಟ್ಟೆ, ಕಾಕಾ ಮಷೀನ್ ನನಗ ಕೊಡ್ರಿ, ಈ ವರ್ಷ ನಿಮ್ಮ ಸ್ಲೈಡ್ ಪರದೆ ಮ್ಯಾಲೇ ನೋಡೋಣು ಅಂತ. ಯಾರರೆ ಹಳೇ ಪ್ರೊಜೆಕ್ಟರ್ ಮನ್ಯಾಗ ಇಟ್ಕೊಂಡು ಕುಂತಿದ್ರ ಕೆಲಸಕ್ಕ ಬರ್ಲಿ ಅಂತ ಐದು ವಾರ ಮಾಡಿದ್ದೆಲ್ಲಾ ಇಲ್ಲಿ ಬರೀಲಾಕತ್ತೀನಿ.

ಮೊದಲ ಐತವಾರ. ಮಷೀನ್ ಮನಿಗೆ ತಂದೆ. ಜರ್ಮನ್ ಮಾಡೆಲ್, ಉದ್ದ ಟ್ರೇ ಹಾಕೋದು, ಒಂದ್ ಟ್ರೇಕ್ಕ 50 ಸ್ಲೈಡ್, ಮುಂದ 90 ಎಂಎಂ ಲೆನ್ಸ್, ಒಳಗ 24 ವೋಲ್ಟ್ 150 ವ್ಯಾಟ್ ಹ್ಯಾಲೋಜನ್. ಕವರ್ ತೆಗೆದ ಕೂಡ್ಲೆ ನುಸಿಗುಳಿಗಿ ವಾಸನಿ ಹೊಡೀತು. ವೈರ್ ಮುಟ್ಟಿದ್ರ ರಬ್ಬರ್ ಪುಡಿಪುಡಿಯಾಗಿ ಕೈಗೆ ಬರ್ತಿತ್ತು. ಇಂಥಾ ವೈರ್ ಇರೋ ಮಷೀನ್ ನೇರ ಪ್ಲಗ್ಗಿಗೆ ಹಾಕ್ಲೇಬ್ಯಾಡ್ರಿ, ಮೈಯೆಲ್ಲಾ ಲೋಹದ್ದು, ಕರೆಂಟ್ ಮೈಗೆ ಬಂದ್ರ ಜೀವಕ್ಕ ಅಪಾಯ. ಮೂರು ಕೋರ್ ವೈರ್ ಹೊಸಾದು ಹಾಕ್ದೆ, ಅರ್ಥ್ ಚಾಸಿಗೆ ಸ್ಕ್ರೂ ಮಾಡಿ ಬಿಗದೆ, ಫ್ಯೂಸ್ ಬದಲಿ ಮಾಡ್ದೆ.

ಅದಾದ ಮ್ಯಾಲೂ ನೇರ ಕೊಡ್ಲಿಲ್ಲ. ರೇಡಿಯೋ ರಿಪೇರಿಯವ್ರು ಇಟ್ಕೊತಾರಲ್ಲ ಸೀರೀಸ್ ಬೋರ್ಡ್, ಅದು ನನ್ನ ಹತ್ರಾನೂ ಅದ, 100 ವ್ಯಾಟಿನ ಹಳೇ ಬಲ್ಬ್ ಸೀರೀಸ್‌ನ್ಯಾಗ ಹಾಕಿದ್ದು. ಟ್ರಾನ್ಸ್‌ಫಾರ್ಮರ್ ಶಾರ್ಟ್ ಆಗಿದ್ರ ಬಲ್ಬ್ ಪೂರಾ ಉರೀತದ, ಚಲೋ ಇದ್ರ ಒಂದ್ ಸಲ ಮಿಣಕ್ ಅಂದು ಮಂದ ಆಗ್ತದ. ಮಿಣಕ್ ಅಂದು ಮಂದ ಆತು. ಆಮ್ಯಾಲ ನೇರ ಕೊಟ್ಟು ಮೀಟರ್ ಇಟ್ಟು ನೋಡಿದ್ರ 25.6 ವೋಲ್ಟ್, ಲೋಡ್ ಇಲ್ದಾಗ ಅಷ್ಟು ಬರೋದು ಸರೀನೇ. ಟ್ರಾನ್ಸ್‌ಫಾರ್ಮರ್ ಹೋಗಿದ್ರ ಕತಿ ಅಲ್ಲೇ ಮುಗೀತಿತ್ತು, ಹಿಂಗಾಗಿ ಆ ರಾತ್ರಿನೇ ಕಾಕಾಗ ಫೋನ್ ಹಚ್ಚಿ ಹೇಳ್ದೆ.

ಫ್ಯಾನ್ ತಿರುಗ್ಲಿಲ್ಲ. ಬಹಳ ಮಂದಿ ಮೊದಲು ದೀಪ ಹತ್ತಿಸಿ ನೋಡ್ತಾರ, ಅದು ತಪ್ಪು, ಈ ಮಷೀನ್‌ನ್ಯಾಗ ಮೊದಲು ಫ್ಯಾನು, ಆಮ್ಯಾಲ ದೀಪ. 150 ವ್ಯಾಟಿನ ಹ್ಯಾಲೋಜನ್ ಒಂದು ಸಣ್ಣ ಒಲಿ ಇದ್ದಂಗ, ಗಾಳಿ ಇಲ್ಲಂದ್ರ ಒಂದೆರಡು ನಿಮಿಷದಾಗ ಗಾಜು ಒಡೀತಾವ, ಸ್ಲೈಡ್ ಡೊಂಕಾಗ್ತಾವ. ಫ್ಯಾನ್ ಬಿಚ್ಚಿದ್ರ ಶಾಫ್ಟಿನ ಬುಷ್ ಒಳಗ ಹಳೇ ಎಣ್ಣಿ ಬೆಲ್ಲದ ಪಾಕದಂಗ ಗಟ್ಟಿಯಾಗಿತ್ತು. ಪೆಟ್ರೋಲ್‌ನ್ಯಾಗ ಅರಿವಿ ಅದ್ದಿ ಎರಡೂ ಬುಷ್ ಒರೆಸ್ದೆ, ಒಣಗಿಸ್ದೆ, ಹೊಲಿಗಿ ಮಷೀನಿನ ಎಣ್ಣಿ ಎರಡೆರಡು ಹನಿ ಬಿಟ್ಟೆ. ಬೆರಳಿಲೆ ಒಂದ್ ಸಲ ತಿರುವಿದ್ರ ತನ್ನಷ್ಟಕ್ಕ ಏಳೆಂಟು ಸುತ್ತು ಹೊಡೀತು. ಕರೆಂಟ್ ಕೊಟ್ರ ಸದ್ದಿಲ್ದೆ ತಿರುಗ್ತು. ಇಲ್ಲಿ ಎಣ್ಣಿ ಬಹಳ ಹಾಕ್ಬಾರ್ದ್ರಿ, ಬಿಸಿಗೆ ಆವಿಯಾಗಿ ಹೋಗಿ ಲೆನ್ಸ್ ಮ್ಯಾಲ ಕೂಡ್ತದ.

ಎರಡನೇ ವಾರ ಪೂರಾ ದೀಪದ ಹುಡುಕಾಟಕ್ಕ ಹೋತು. ಸೂಪರ್ ಮಾರ್ಕೆಟ್ ಕಡಿ ಇರೋ ಎಲೆಕ್ಟ್ರಿಕಲ್ ಅಂಗಡಿ ಎಲ್ಲಾ ತಿರುಗಿದೆ, ಎಲ್ಲಾರೂ 12 ವೋಲ್ಟಿನ ಗಾಡಿ ಬಲ್ಬ್ ತೋರಿಸ್ತಾರ. ಆನ್‌ಲೈನ್‌ನ್ಯಾಗ ಅದ, ಆದ್ರ ಬರಾಕ ಮೂರು ವಾರ ಅಂತ ತೋರಸ್ತದ. ಕಡೀಗೆ ನಮ್ಮ ಕ್ಲಬ್ಬಿನ ಒಬ್ಬ ಮೆಂಬರ್, ದವಾಖಾನಿಯಾಗ ಕೆಲಸ ಮಾಡ್ತಾರ, ಬಲ್ಬಿನ ಫೋಟೋ ನೋಡಿ "ಅಣ್ಣಾ ಇದು ನಮ್ಮ ಆಪರೇಷನ್ ಥಿಯೇಟರ್ ಲೈಟಿನ ಬಲ್ಬ್ ಅಲ್ಲೇನು" ಅಂದ್ರು. ಖರೇನೇ ಅದೇ! 24 ವೋಲ್ಟ್, 150 ವ್ಯಾಟ್, ಎರಡು ಪಿನ್ನಿನ ನಡುವ 6.35 ಎಂಎಂ. ಸರ್ಜಿಕಲ್ ಸಾಮಾನಿನ ಅಂಗಡ್ಯಾಗ ಹೋಗಿ ಕೇಳಿದ್ರ ಡ್ರಾಯರ್‌ಲಿಂದ ತೆಗ್ದು ಕೈಯಾಗ ಇಟ್ರು. ಎರಡು ತಂದೆ, ಒಂದು ಸ್ಪೇರ್. ಈ ಒಂದು ಮಾತು ನೆನಪಿಡ್ರಿ, ನಮ್ಮ ಊರಾಗ ಪ್ರೊಜೆಕ್ಟರ್ ದೀಪ ಸಿಗಂಗಿಲ್ಲ ಅನ್ನೋರು ಸರ್ಜಿಕಲ್ ಅಂಗಡಿ ನೋಡಿರಂಗಿಲ್ಲ.

ಹ್ಯಾಲೋಜನ್ ಬರೀ ಕೈಲೆ ಮುಟ್ಬಾರ್ದು, ಕೈಯಾಗಿನ ಜಿಡ್ಡು ಗಾಜಿಗೆ ಹತ್ತಿದ ಜಾಗದಾಗ ಬಿಸಿ ಹೆಚ್ಚಾಗಿ ಗಾಜು ಉಬ್ತದ, ಒಡೀತದ. ಪ್ಲಾಸ್ಟಿಕ್ ಕವರ್ ಸುದ್ದಾ ಹಿಡ್ದು ಕೂಡಸ್ದೆ. ಹತ್ತಿತು, ಆದ್ರ ಬೆಳಕು ಕೆಂಪಗ, ಮಂದ. ಸಾಕೆಟ್ ಬಿಚ್ಚಿ ನೋಡ್ದೆ, ಒಳಗ ಬಲ್ಬಿನ ಪಿನ್ ಹಿಡಿಯೋ ಲೋಹದ ಪತ್ರಿ ಎರಡೂ ಕಪ್ಪಗಾಗಿ ಸಡ್ಲಾಗಿದ್ವು. ಲೆಕ್ಕ ಹಿಂಗ ಅದ ನೋಡ್ರಿ: 150 ವ್ಯಾಟ್ ಭಾಗಿಲೆ 24 ವೋಲ್ಟ್, ಆರೂಕಾಲು ಆಂಪಿಯರ್ ಹರೀತದ. ಸಾಕೆಟ್‌ನ್ಯಾಗ ಒಂದು ಓಮಿನ ಐದನೇ ಭಾಗ ಅಡ್ಡಿ ಇದ್ರೂ ಹತ್ತತ್ರ ಎಂಟು ವ್ಯಾಟ್ ಅಲ್ಲೇ ಸುಡ್ತದ, ಒಂದು ವೋಲ್ಟಿಗಿಂತ ಹೆಚ್ಚು ಅಲ್ಲೇ ಹೋಗ್ತದ, ಸುಟ್ಟಷ್ಟೂ ಪತ್ರಿ ಇನ್ನಷ್ಟು ಕಪ್ಪಾಗ್ತದ. ಉಜ್ಜಿ ಸ್ವಚ್ಛ ಮಾಡಿದ್ರ ಎರಡು ದಿನ ನಡೀತದ ಅಷ್ಟೇ. ಪಿಂಗಾಣಿ ಸಾಕೆಟ್ ಹೊಸಾದು ಅದೇ ಸರ್ಜಿಕಲ್ ಅಂಗಡ್ಯಾಗ ಸಿಕ್ತು, ಬಿಸಿ ತಡ್ಕೊಳ್ಳೋ ಸ್ಲೀವ್ ಇರೋ ವೈರ್ ಹಾಕಿ ಜೋಡಿಸ್ದೆ. ಬೆಳಕು ಬೆಳ್ಳಗ ಬಂತು.

ಮೂರನೇ ವಾರ ಗಾಜಿನ ಕೆಲಸ. ದೀಪದ ಹಿಂದ ಕನ್ನಡಿ, ಮುಂದ ಬೆಳಕು ಒಟ್ಟು ಮಾಡಿ ಸ್ಲೈಡಿಗೆ ಕಳಿಸೋ ಕಂಡೆನ್ಸರ್ ಗಾಜು ಎರಡು, ನಡುವ ಬಿಸಿ ಹೀರ್ಕೊಳ್ಳೋ ತಿಳಿ ಹಸಿರು ಗಾಜು. ಬಿಚ್ಚೋಕ್ಕಿಂತ ಮೊದಲು ಪ್ರತಿಯೊಂದರ ಫೋಟೋ ತೆಗ್ದಿಟ್ಟೆ, ಯಾವ ಮುಖ ಯಾವ ಕಡಿ ಅಂತ ಮಾರ್ಕರ್‌ಲೆ ಅಂಚಿಗೆ ಗುರ್ತು ಹಾಕ್ದೆ, ಕಂಡೆನ್ಸರ್ ತಿರುವಿ ಹಾಕಿದ್ರ ಪರದೆ ನಡುವ ಬೆಳಕು, ಮೂಲಿಗೆ ಕತ್ತಲ ಬರ್ತದ. ಮುಂದಿನ ಲೆನ್ಸ್ ಒಳಗ ಬೂಷ್ಟು ಜೇಡನ ಬಲಿಯಂಗ ಹರ್ಡಿತ್ತು. ಹೈಡ್ರೋಜನ್ ಪೆರಾಕ್ಸೈಡ್‌ನ್ಯಾಗ ಜರಾ ಅಮೋನಿಯಾ ಕೂಡಿಸಿ, ಕಿಟಕಿ ತಗದು, ಹತ್ತಿಲೆ ಒರೆಸ್ದೆ, ಆಮ್ಯಾಲ ಡಿಸ್ಟಿಲ್ಡ್ ನೀರು, ಆಮ್ಯಾಲ ಐಸೋಪ್ರೊಪೈಲ್. ಒಂದು ಗಾಜಿನ ಕೋಟಿಂಗ್ ಬೂಷ್ಟು ತಿಂದುಬಿಟ್ಟದ, ಅಂಚಿನ್ಯಾಗ ಕಾಲುಂಗುರದಷ್ಟು ಕಲಿ ಉಳೀತು. ಪರದೆ ಮ್ಯಾಲ ಅದು ಕಾಣಂಗಿಲ್ಲ.

ಸ್ಲೈಡ್ ಒಳಗ ದೂಡೋ ಕೈಗೆ ಒಂದು ಬೆಲ್ಟ್ ಇರ್ತದ, ಅದು ಡಾಂಬರಿನಂಗ ಕರಗಿ ಗಾಲಿಗೆ ಮೆತ್ಕೊಂಡಿತ್ತು. ಒಂದು ಇಡೀ ಸಂಜಿ ಅದನ್ನ ಬರೀ ಒರೆಸೋದ್ರಾಗೇ ಹೋತು. ಬೆಲ್ಟಿನ ಬದಲಿಗೆ ಟ್ರ್ಯಾಕ್ಟರ್, ಜೆಸಿಬಿ ಸೀಲ್ ಮಾರೋ ಅಂಗಡ್ಯಾಗ ಓ ರಿಂಗ್ ಅನ್ನೋ ರಬ್ಬರ್ ಉಂಗುರ ಸಿಕ್ತು, ಸುತ್ತಳತಿ ದಾರಲೆ ಅಳದು ಒಯ್ದಿದ್ದೆ, ಅದಕ್ಕಿಂತ ಜರಾ ಸಣ್ಣದು ತಂದೆ, ಬಿಗಿ ಬರಬೇಕಲ್ಲ. ಟಕ್ ಅಂತ ಸ್ಲೈಡ್ ಒಳಗ ಹೋಗಿ ಟಕ್ ಅಂತ ಹೊರಗ ಬಂದಾಗ ಬಾಜೂಕ ಕುಂತ ನನ್ನ ಮಗಳು ಚಪ್ಪಾಳಿ ಹೊಡದ್ಳು.

ಆಮ್ಯಾಲ ಆಗಬಾರದ್ದು ಆತು. ಬೆಲ್ಟ್ ಹ್ಯಾಂಗ ಓಡ್ತದ ನೋಡೋಣ ಅಂತ ಮ್ಯಾಲಿನ ಕವರ್ ಹಾಕ್ದೆ ದೀಪ ಹತ್ತಿಸಿ ಹತ್ತು ನಿಮಿಷ ಬಿಟ್ಟೆ. ಟಣ್ ಅಂತ ಒಂದು ಸಪ್ಪಳ, ಹಸಿರು ಗಾಜು ನಡುವ ಸೀಳಿ ಎರಡು ಹೋಳು. ಫ್ಯಾನಂತೂ ತಿರುಗಲಾಕತ್ತಿತ್ತು, ಆದ್ರ ಕವರ್ ಇದ್ರನೇ ಆ ಗಾಳಿ ಗಾಜಿನ ಸಂದಿಯಾಗ ಹೋಗೋದು, ಕವರ್ ತಗದ್ರ ಗಾಳಿ ಮ್ಯಾಲಿಂದ ಹಾರಿ ಹೋಗ್ತದ. ಈ ತಪ್ಪು ನೀವು ಮಾಡ್ಬ್ಯಾಡ್ರಿ, ಟೆಸ್ಟ್ ಮಾಡೋವಾಗೂ ಕವರ್ ಮುಚ್ಚೇ ಮಾಡ್ರಿ. ಈ ಗಾಜು ಇಲ್ದೆ ಕಾಕಾನ ಸ್ಲೈಡ್ ಒಳಗ ಹಾಕೋ ಮಾತೇ ಇಲ್ಲ. ಸಾದಾ ಕಿಟಕಿ ಗಾಜು ಹಾಕು ಅಂತ ಒಬ್ರು ಹೇಳಿದ್ರು, ಅದು ಕೆಲಸಕ್ಕ ಬರಂಗಿಲ್ಲ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬಿಸಿ ಅದರಾಗ ಹಾದು ಸೀದಾ ಫಿಲ್ಮಿಗೆ ಬರ್ತದ. ಎರಡು ದಿನ ನಿದ್ದಿ ಹತ್ಲಿಲ್ಲ.

ಮೂರನೇ ದಿನ ನೆನಪಾತು, ಕ್ಲಬ್ಬಿನ ಕಪಾಟಿನ್ಯಾಗ ಒಂದು ಕಲರ್ ಎನ್‌ಲಾರ್ಜರ್, ಅಂದ್ರ ಫಿಲ್ಮಿನಿಂದ ದೊಡ್ಡ ಪ್ರಿಂಟ್ ಮಾಡೋ ಮಷೀನ್, ಅದರ ತಲಿ ಬಿದ್ದದ, ಡಾರ್ಕ್‌ರೂಮ್ ಬಂದ್ ಆದಾಗಿಂದ ಯಾರೂ ಮುಟ್ಟಿಲ್ಲ. ಅದರಾಗೂ ದೀಪದ ಮುಂದ ಇಂಥಾದೇ ಗಾಜು ಇರ್ತದ. ಬಿಚ್ಚಿ ನೋಡಿದ್ರ ಅದ! ಎರಡು ಎಂಎಂ ಅಗಲ ಹೆಚ್ಚಿತ್ತು. ಇದನ್ನ ಕೊಯ್ಯಾಕ ಹೋದ್ರ ಸೀಳ್ತದ, ಅದಕ್ಕ ನೀರು ಹಾಕ್ಕೋತ ಸಾಣಿ ಕಲ್ಲಿನ ಮ್ಯಾಲ ಅಂಚು ತಿಕ್ಕಿ ತಿಕ್ಕಿ ಇಳಿಸ್ದೆ, ಎರಡು ತಾಸು ಹಿಡೀತು. ಚೌಕಟ್ಟಿನ್ಯಾಗ ಬಿಗಿ ಕೂಡಸ್ಬಾರ್ದು, ಬಿಸಿಗೆ ಹಿಗ್ಗಾಕ ಜಾಗ ಬೇಕು, ಒಂದು ಕಾಗದ ಹೋಗೋವಷ್ಟು ಸಡ್ಲ ಬಿಟ್ಟೆ. ಕವರ್ ಮುಚ್ಚಿ, ಕೆಟ್ಟ ಸ್ಲೈಡ್ ಒಂದು ಒಳಗ ಬಿಟ್ಟು 15 ನಿಮಿಷ ನಡಸ್ದೆ. ಹೊರಗ ತಗದು ಗಲ್ಲಕ್ಕ ಹಚ್ಚಿ ನೋಡಿದ್ರ ಈಗಷ್ಟೇ ಇಳಿಸಿದ ರೊಟ್ಟಿಗಿಂತ ಕಡಿಮಿ ಬೆಚ್ಚಗಿತ್ತು.

ಇನ್ನ ಸ್ಲೈಡ್. ಮೊದಲನೇ ಡಬ್ಬಿಯಾಗ 136 ಇದ್ವು. ಪ್ರೊಜೆಕ್ಟರಿಗೆ ಹಾಕೋಕ್ಕಿಂತ ಮೊದಲು ಎಲ್ಲಾ ಕಾಪಿ ಮಾಡ್ಬೇಕು ಅಂತ ನಾನು ಹಟ ಹಿಡಿದೆ, ಯಾಕಂದ್ರ ಪರದೆ ಮ್ಯಾಲ ಬಿಟ್ಟಷ್ಟೂ ಬಣ್ಣ ಇಳೀತದ. ಇವು ಕೊಡಾಕ್ರೋಮ್ ಅನ್ನೋ ಸ್ಲೈಡ್ ಫಿಲ್ಮಿನವು, ಅದು ಕತ್ತಲದಾಗ ಇಟ್ರ ದಶಕಗಟ್ಟಲೆ ಹಂಗೇ ಇರ್ತದ, ಆದ್ರ ಪ್ರೊಜೆಕ್ಟರ್ ಬೆಳಕಿಗೆ ಉಳಿದ ಫಿಲ್ಮಿಗಿಂತ ಲಗೂ ಸೋಲ್ತದ. ಆ ಫಿಲ್ಮ್ ಮಾಡೋದು ಕೊಡಾಕ್ ಕಂಪನಿ 2009ರಾಗ ನಿಲ್ಲಿಸ್ತು, ಅದನ್ನ ತೊಳೆಯೋ ಕಡೀ ಲ್ಯಾಬ್ ಅಮೆರಿಕದ ಕಾನ್ಸಾಸ್‌ದಾಗ 2010ರ ಡಿಸೆಂಬರ್ ಮುಗಿಯೋ ತನಕ ರೋಲ್ ತಗೊಂಡ್ತು, ಆಮ್ಯಾಲ ಬಂದ್. ಅಂದ್ರ ಈ ಡಬ್ಬಿಯಾಗ ಇರೋದು ಮತ್ತ ಮಾಡ್ಲಾಕ ಬರಂಗಿಲ್ಲ. ನಾವು ಮೂರು ಮಂದಿ ಕೂಡಿ ಮ್ಯಾಕ್ರೋ ಲೆನ್ಸ್, ಎಲ್ಇಡಿ ಪ್ಯಾನೆಲ್ ಇಟ್ಟು ಎರಡು ರಾತ್ರಿ ಕಾಪಿ ತೆಗದ್ವಿ, ಧೂಳು ಬರೀ ಬ್ಲೋವರ್, ಮೆತ್ತನ ಬ್ರಷ್ಷಿಲೆ, ನೀರು ಮುಟ್ಟಿಸ್ಲಿಲ್ಲ.

ಟ್ರೇದಾಗ ಹಾಕೋದಕ್ಕೂ ಒಂದು ಕ್ರಮ ಅದ. ಸ್ಲೈಡ್ ಕೈಯಾಗ ಹಿಡ್ದು ಫೋಟೋ ನೆಟ್ಟಗ ಕಾಣಂಗ ಮಾಡಿ, ಕೆಳಗಿನ ಎಡ ಮೂಲಿಗೆ ಒಂದು ಚುಕ್ಕಿ ಇಡಬೇಕು. ಆಮ್ಯಾಲ ಅದನ್ನ ತಲಿಕೆಳಗ ಮಾಡಿ ಹಾಕ್ಬೇಕು, ಚುಕ್ಕಿ ದೀಪದ ಕಡಿ ಮ್ಯಾಲಿನ ಬಲ ಮೂಲಿಗೆ ಬರ್ತದ, ಅಲ್ಲಿ ಹೆಬ್ಬೆಟ್ಟು ಬರ್ತದ. ಲೆನ್ಸ್ ಎಲ್ಲಾ ತಿರುವಿ ತೋರಸ್ತದ ನೋಡ್ರಿ. ಕಾಕಾ 136ಕ್ಕೂ ಕೆಂಪು ಮಸಿಲೆ ಚುಕ್ಕಿ ಇಟ್ಟಾರ, ಎಲ್ಲಾ ಒಂದೇ ಅಳತಿ, ಒಂದೂ ತಪ್ಪಿಲ್ಲ. ರಟ್ಟಿನ ಅಂಚಿನ ಮ್ಯಾಲ ಪೆನ್ಸಿಲ್‌ಲೆ ಊರು, ತಿಂಗಳು, ವರ್ಷ.

ಪರದೆ ಲೆಕ್ಕ. ಸ್ಲೈಡಿನ ಕಿಂಡಿ 35 ಎಂಎಂ, ಲೆನ್ಸ್ 90, ಐದು ಮೀಟರ್ ದೂರ ಇಟ್ರ 5000 ಭಾಗಿಲೆ 90 ಗುಣಿಲೆ 35, ಹತ್ತತ್ರ 1940 ಎಂಎಂ, ಅಂದ್ರ ಆರು ಅಡಿಗಿಂತ ಜರಾ ಹೆಚ್ಚು. ಟೀವಿಯಂಗ ಅಡ್ಡ ಪರದೆ ಮಾಡಬಾರ್ದು, ಉದ್ದ ಹಿಡ್ದು ತೆಗ್ದ ಸ್ಲೈಡ್ ಬಂದ್ರ ಮ್ಯಾಲ ಕೆಳಗ ಹೊರಗ ಹೋಗ್ತದ, ಪರದೆ ಚೌಕೇ ಇರಬೇಕು. ಏಳು ಅಡಿಗೆ ಏಳು ಅಡಿ ಅಂತ ಮಾಡ್ದೆ. ಕಪಡಾ ಬಜಾರ್‌ದಾಗ 90 ಇಂಚಿನ ಪನ್ನಾದ್ದು ಬಿಳಿ ಕಾಟನ್ ಸಿಕ್ತು, ನಡುವ ಹೊಲಿಗಿ ಬರಬಾರ್ದು ಅಂತ ಅಷ್ಟು ದೊಡ್ಡ ಪನ್ನಾನೇ ಹುಡುಕಿದ್ದು. ಹಿಂದ ಕರೀ ಅರಿವಿ, ಇಲ್ಲಂದ್ರ ಬೆಳಕು ಹಾದು ಹೋಗ್ತದ. ತಾಡಪತ್ರಿ ಅಂಗಡಿಯವ್ರು ನಾಕೂ ಕಡಿ ಐಲೆಟ್ ಹೊಡದು ಕೊಟ್ರು, ಪೈಪಿನ ಚೌಕಟ್ಟಿಗೆ ಹಗ್ಗಲೆ ಎಳದು ಕಟ್ಟಿದ್ರ ಒಂದು ಸುಕ್ಕಿಲ್ಲ.

ಶನಿವಾರ. ಬ್ರಹ್ಮಪುರದಾಗ ನಮ್ಮ ಒಬ್ಬ ಮೆಂಬರ್ ಮನಿ ಮಾಳಗಿ ಮ್ಯಾಲ ಸೇರಿದ್ವಿ. ಆ ಮನಿ ಅಕ್ಕೋರು ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಗಿ ಮಾಡ್ಸಿದ್ರು, ಯಾದಗಿರಿಯವ್ರು ಹೊಲದಿಂದ ಸೀತನಿ ತಂದಿದ್ರು, ಎಳ್ಳಮಾವಾಸಿ ಊಟ ಮತ್ತೊಂದ್ ಸಲ ಆದಂಗಾತು. ಆರೂವರಿಗೆ ಪೂರಾ ಕತ್ತಲ. ಓಣ್ಯಾಗಿನ ಲೈಟು ಪರದಿಗೆ ಬೀಳ್ತಿತ್ತು, ಆ ಕಡಿ ಒಂದು ಚಾದರ್ ಕಟ್ಟಿದ್ವಿ. ಕಾಕಾನ ಖುರ್ಚಿ ಪ್ರೊಜೆಕ್ಟರ್ ಬಾಜೂಕೇ ಹಾಕ್ದೆ, ಬಟನ್ ಅವರ ಕೈಯಾಗ ಕೊಟ್ಟೆ.

ಮೊದಲ ಸ್ಲೈಡ್ ಕಲಬುರಗಿ ಕಿಲ್ಲಾದಾಗಿನ ಜಾಮಾ ಮಸೀದಿ ಒಳಗಿನ ಕಮಾನು. 1367ರಾಗ ಕಟ್ಟಿದ್ದು, ಬ್ಯಾರೆ ಮಸೀದಿಯಂಗ ಖುಲ್ಲಾ ಅಂಗಳ ಇಲ್ಲ, ಪೂರಾ ಛಾವಣಿ, ಬಾಜೂ ಕಮಾನಿನಿಂದ ಬರೋ ಬೆಳಕು ನೆಲದ ಮ್ಯಾಲ ಬಿದ್ದದ್ದು. ಮೊದಲ ಎರಡು ಸೆಕೆಂಡ್ ಮಬ್ಬು, ಬಿಸಿಗೆ ಫಿಲ್ಮ್ ಉಬ್ಬಿ ಜಾಗ ಬಿಡ್ತದ, ಕಾಕಾ ಲೆನ್ಸ್ ಒಂದು ಕೂದಲೆಳಿ ತಿರುವಿದ್ರು, ಕಲ್ಲಿನ ಸಂದಿ ಸುದ್ದಾ ಎದ್ದು ನಿಂತ್ವು. ಯಾರೂ ಮಾತಾಡ್ಲಿಲ್ಲ. ಆಮ್ಯಾಲ ಫಿರಂಗಿ ತೋಪು, ಅದರ ಮ್ಯಾಲ ಆರು ಹುಡುಗ್ರು ಸಾಲಾಗಿ ಕುಂತಾರ. ಯೂನಿವರ್ಸಿಟಿ ಕಡಿ ಹೋಗೋ ರಸ್ತಾ, ಬುದ್ಧ ವಿಹಾರ ಇನ್ನೂ ಇಲ್ಲ, ಬರೀ ಖುಲ್ಲಾ ಜಾಗ, ಒಂದು ಚಕ್ಕಡಿ. ಪ್ರತಿ ಸ್ಲೈಡಿಗೂ ಕಾಕಾ ಅವತ್ತು ಯಾರು ಜೋಡಿ ಇದ್ರು, ಎಲ್ಲಿ ಚಾ ಕುಡದ್ರು, ರೋಲ್‌ನ್ಯಾಗ ಎಷ್ಟು ಉಳದಿದ್ವು ಅಂತ ಹೇಳ್ತಾ ಹೋದ್ರು, ಒಂದು ರೋಲಿನ 36 ಫೋಟೋದಾಗ ಒಂದೊಂದೂ ಲೆಕ್ಕ ಇಟ್ಟು ತೆಗ್ದದ್ದು.

ಒಂದು ಬಜಾರದ ಸ್ಲೈಡ್ ಬಂದಾಗ ನಮ್ಮ ಟೀಚರ್ ಅಕ್ಕೋರು ಎದ್ದು ಪರದಿ ತನಕ ನಡಕೊಂಡು ಹೋಗಿ, ಒಂದು ತಗಡಿನ ಬೋರ್ಡಿನ ಮ್ಯಾಲ ಬೆರಳಿಟ್ಟು ನಿಂತ್ರು. ಅವರ ಕೈಯಿನ ನೆರಳು ಅರಿವಿ ಮ್ಯಾಲ ದೊಡ್ಡದಾಗಿ ಬಿದ್ದಿತ್ತು. "ನಾ ಮೊದಲನೇ ರೋಲ್ ತೊಳಿಸಿದ್ದು ಇದೇ ಅಂಗಡ್ಯಾಗ್ರಿ ಕಾಕಾ," ಅಂದ್ರು. ಕಾಕಾ ಆ ಸ್ಲೈಡ್ ಬಹಳ ಹೊತ್ತು ಹಂಗೇ ಬಿಟ್ರು, ನಾನೇ ಬಿಸಿ ಆಗ್ತದ ಅಂತ ಮುಂದ ಮಾಡಂದೆ.

ನನಗ ಮರೀಲಾಕ ಆಗದ್ದು ಬೀದರ್‌ದ ಸ್ಲೈಡ್. ಮೊದಲು ಮಹಮೂದ್ ಗಾವಾನ್ ಮದರಸಾ, 1472ರದ್ದು, ಎರಡು ಮಿನಾರದಾಗ ಉಳದಿದ್ದ ಒಂದು, ಅದರ ನೀಲಿ ಹಂಚು. ಅದರ ಹಿಂದೇ ಬಿದ್ರಿ ಕೆಲಸದವರ ಕೈ, ಬರೀ ಎರಡು ಕೈ ಮತ್ತ ಒಂದು ಹೂಜಿ. ಸತು, ತಾಮ್ರದ ಹೂಜಿ, ಅದರಾಗ ಬೆಳ್ಳಿ ತಂತಿ ಬಡದು ಕೂಡ್ಸಿ, ಕಡೀಗೆ ಬೀದರ್ ಕಿಲ್ಲಾದೊಳಗಿನ ಮಣ್ಣು, ನವಸಾಗರ ಕೂಡಿಸಿ ಕುದಿಸಿದ ನೀರಿನ್ಯಾಗ ಅದ್ದಿದ್ರ ಲೋಹ ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಕಾಕಾ ಹಿಡದಿದ್ದು ಅದೇ ಹೊತ್ತು, ಅರ್ಧ ಹೂಜಿ ಕಪ್ಪು, ಅರ್ಧ ಇನ್ನೂ ಬೂದಿ ಬಣ್ಣ, ಹನಿ ಇಳೀಲಾಕತ್ತಾವ. ಇದರ ಕಾಪಿ ನಾನು ಮೊಬೈಲ್‌ನ್ಯಾಗ, ಲ್ಯಾಪ್‌ಟಾಪ್‌ನ್ಯಾಗ ಹತ್ತು ಸಲ ನೋಡಿದ್ದೆ. ಅರಿವಿ ಮ್ಯಾಲ ನೋಡಿದಾಗ ಆ ಕಪ್ಪಿನ್ಯಾಗ ಹೊಳಪು ಬ್ಯಾರೆ, ಕತ್ತಲಿ ಬ್ಯಾರೆ ಕಂಡ್ತು. ಬೀದರ್‌ದಿಂದ ಬಂದ ಹುಡುಗ, ಇಪ್ಪತ್ತು ವರ್ಷದವ, ಅವರ ಓಣ್ಯಾಗ ಬಿದ್ರಿ ಅಂಗಡಿ ಅವ, ಎದ್ದು ಬಂದು "ಕಾಕಾ ಆ ಸ್ಲೈಡ್ ಒಮ್ಮೆ ಕೈಯಾಗ ಹಿಡೀಲೇನ್ರಿ" ಅಂದ. ಅಂಚು ಹಿಡ್ದು ದೀಪಕ್ಕ ಎತ್ತಿ ನೋಡ್ದ. ಎರಡು ಇಂಚಿನ ಚೌಕ ರಟ್ಟು.

90 ಸ್ಲೈಡ್ ಆದ ಮ್ಯಾಲ ಒಂದು ಸಿಕ್ಕೊಂಡ್ತು, ರಟ್ಟಿನ ಅಂಚು ಉಬ್ಬಿತ್ತು, ದೀಪ ಆರಿಸಿ ಚಿಮಟಾಲೆ ತೆಗದೆ. ಅಲ್ಲಿಗೆ ನಿಲ್ಸಿದ್ವಿ. ದೀಪ ಆರಿಸಿದ ಮ್ಯಾಲ ಫ್ಯಾನ್ ಐದು ನಿಮಿಷ ತಿರುಗ್ಲಿಕ್ಕೆ ಬಿಡಬೇಕು, ಆ ಐದು ನಿಮಿಷ ಯಾರೂ ಏಳ್ಲಿಲ್ಲ, ಮೊಬೈಲೂ ತೆಗೀಲಿಲ್ಲ. ಈ ವರ್ಷದ ಫೋಟೋ ಟೀವಿ ಮ್ಯಾಲ ಹಾಕೋದು ಯಾರಿಗೂ ನೆನಪಾಗ್ಲಿಲ್ಲ, ಊಟಕ್ಕ ಕುಂತಾಗ ಮೂರು ಮಂದಿ ಬಂದು ಸ್ಲೈಡ್ ಫಿಲ್ಮ್ ಈಗೂ ಸಿಗ್ತದೇನು ಅಂತ ಕೇಳಿದ್ರು. ಸಿಗ್ತದ, ಹಳೇ ಕೊಡಾಕ್ರೋಮ್ ಅಲ್ಲ, ಎಕ್ಟಾಕ್ರೋಮ್ ಅದ, ತುಟ್ಟಿ ಅದ.

ಖರ್ಚು ಎಲ್ಲಾ ಸೇರಿ 2,900 ರೂಪಾಯಿ ಆತು, ಅದರಾಗ ಹೆಚ್ಚಿನದ್ದು ಪರದಿಗೇ ಹೋತು. ಇನ್ನ ಉಳದ ಕೆಲಸ: ಫ್ಯಾನಿನ ಹಿಂದಿನ ಬುಷ್ ಬಿಸಿಯಾದ ಮ್ಯಾಲ ಜರಾ ಗುಂಯ್ ಅಂತದ, ಬಿಚ್ಚಬೇಕು. ಹಸಿರು ಗಾಜಿಗೆ ಒಂದು ಸ್ಪೇರ್ ಹುಡುಕಬೇಕು. ಐತವಾರ ಮುಂಜಾನೆ ಮಷೀನ್ ಕೊಡ್ಲಾಕ ಹೋದ್ರ ಕಾಕಾ ತಗೋಳ್ಳಿಲ್ಲ, "ನಿನ್ನ ಹತ್ರಾನೇ ಇರ್ಲಿ ತಮ್ಮಾ" ಅಂದು ಒಳಗ ಹೋಗಿ ಎರಡನೇ ಡಬ್ಬಿ ತಂದು ಮ್ಯಾಲಿಟ್ರು. ಮುಚ್ಚಳದ ಮ್ಯಾಲ ಅದೇ ಪೆನ್ಸಿಲ್ ಅಕ್ಷರ: ಯಾದಗಿರಿ ಗುಡ್ಡ, ಮಳಿಗಾಲ, 1988.